ಕೀಲಿನ ಡಾಕ್ಟರಿಗೆ ಹೇಳದ ಕಣ್ಣು

ನನ್ನ ಎಡಗಣ್ಣಿಗೆ ಈಗ ಬೆಳಕು ಮತ್ತು ಕತ್ತಲು ಮಾತ್ರ ಗೊತ್ತಾಗುತ್ತದೆ. ಕಿಟಕಿ ಎಲ್ಲಿದೆ ಎಂದು ತಿಳಿಯುತ್ತದೆ. ಕಿಟಕಿಯ ಬಳಿ ಯಾರು ನಿಂತಿದ್ದಾರೆ ಎಂದು ತಿಳಿಯುವುದಿಲ್ಲ. ಇದನ್ನು ಬಲಗಣ್ಣಿನಿಂದ ನೋಡಿಕೊಂಡು ಬರೆಯುತ್ತಿದ್ದೇನೆ. ಆ ಬಲಗಣ್ಣನ್ನು ಉಳಿಸಿಕೊಳ್ಳುವುದೇ ಈಗ ನನ್ನ ಮುಖ್ಯ ಕೆಲಸ. ಮನೆಯ ಉಳಿದ ಕೆಲಸಗಳೆಲ್ಲ ಅದಕ್ಕೆ ಹೊಂದಿಕೊಂಡು ನಡೆಯುತ್ತವೆ.

ಎಡಗಣ್ಣು ಹೋದದ್ದು ಕಣ್ಣಿನ ರೋಗದಿಂದಲ್ಲ. ಕೈಬೆರಳಿನ ಗೆಣ್ಣುಗಳಲ್ಲಿ ಶುರುವಾದ ರೋಗದಿಂದ. ಹೀಗೆಂದಾಗ ಜನ ನನ್ನ ಮುಖ ನೋಡುತ್ತಾರೆ, ವಯಸ್ಸಾಯಿತು, ಏನೋ ಹೇಳುತ್ತಿದ್ದಾಳೆ ಎಂಬಂತೆ. ಮೊದಲ ಸಲ ಕೇಳಿದಾಗ ನಾನೂ ಡಾಕ್ಟರ ಮುಖವನ್ನು ಹಾಗೆಯೇ ನೋಡಿದ್ದೆ. ಬೆರಳು ಬಾತವರು, ಬೆನ್ನು ಬಿಗಿದವರು, ಬೆಳಿಗ್ಗೆ ಎದ್ದ ಮೇಲೆ ಬಹಳ ಹೊತ್ತು ಮುಷ್ಟಿ ಮಡಚಲಾಗದವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಅವರ ಮನೆಯವರು ಓದಿದರೆ ಇನ್ನೂ ಒಳ್ಳೆಯದು.

ನಾನು ಬಾಗಲಕೋಟೆಯ ಕಡೆಯವಳು. ನಮ್ಮವರ ಬ್ಯಾಂಕಿನ ವರ್ಗಾವಣೆಯಿಂದ ನಾಸಿಕಕ್ಕೆ ಬಂದೆವು, ಇಲ್ಲೇ ನಿಂತೆವು. ನಾನು ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯೊಂದರಲ್ಲಿದ್ದೆ. ಸೇವೆಯ ಕೊನೆಯ ವರ್ಷಗಳಲ್ಲಿ ನನ್ನನ್ನು ಛತ್ರಪತಿ ಸಂಭಾಜಿನಗರಕ್ಕೆ ಹಾಕಿದರು. ವಾರವೆಲ್ಲ ಅಲ್ಲಿನ ಕ್ವಾರ್ಟರ್ಸಿನಲ್ಲಿ ಒಬ್ಬಳೇ, ಶನಿವಾರ ಬಸ್ಸು ಹತ್ತಿ ನಾಸಿಕದ ಮನೆಗೆ. ಬೆರಳುಗಳು ಬಾತದ್ದು ಆ ಊರಿನಲ್ಲಿ. ಒಂದು ದಿನ ಸೀರೆಯ ನೆರಿಗೆ ಹಿಡಿಯಲಾಗಲಿಲ್ಲ. ಇನ್ನೊಂದು ದಿನ ಕಚೇರಿಯ ಬೀರುವಿನ ಬೀಗದಲ್ಲಿ ಕೀಲಿಕೈ ತಿರುಗಿಸಲಾಗಲಿಲ್ಲ. ಅಲ್ಲಿಯ ಕೀಲಿನ ಡಾಕ್ಟರು ಸಂಧಿವಾತ ಎಂದರು, ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟರು. ಬಾವು ಇಳಿಯಿತು. ನಿವೃತ್ತಳಾಗಿ ನಾಸಿಕಕ್ಕೆ ಬಂದ ಮೇಲೂ ಆ ಡಾಕ್ಟರನ್ನು ಬಿಡಲಿಲ್ಲ. ಗೊತ್ತು ಮಾಡಿದ ದಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಒಂದು ಸಲವೂ ತಪ್ಪಿಸಲಿಲ್ಲ. ಹೀಗೆ ನನ್ನ ಕೀಲುಗಳು ಸಂಭಾಜಿನಗರಕ್ಕೆ ಸೇರಿದವಾದವು. ಜ್ವರ, ಕೆಮ್ಮು, ಕಣ್ಣು, ಹಲ್ಲು ನಾಸಿಕಕ್ಕೆ ಸೇರಿದವು.

ಈ ಪಾಲು ಮಾಡಿಕೊಂಡದ್ದು ನನಗೆ ವಿಚಿತ್ರ ಅನ್ನಿಸಲಿಲ್ಲ. ಕಚೇರಿಯಲ್ಲಿ ಹೊಸದಾಗಿ ಬಂದವರಿಗೆ ನಾನು ಮೊದಲು ಕಲಿಸುತ್ತಿದ್ದ ಪಾಠ: ಒಂದು ಪತ್ರದಲ್ಲಿ ಒಂದೇ ವಿಷಯ. ರಜೆಯ ಮಾತನ್ನೂ ಬಡ್ತಿಯ ಮಾತನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅದು ಯಾವ ಶಾಖೆಯ ಮೇಜಿನ ಮೇಲೂ ನಿಲ್ಲುವುದಿಲ್ಲ, ಅಲೆಯುತ್ತಲೇ ಇರುತ್ತದೆ. ಅಂಥ ಪತ್ರಗಳನ್ನು ನಾನು ಓದದೇ ವಾಪಸು ಕಳಿಸುತ್ತಿದ್ದೆ. ಆಡಿಟ್ ತಂಡ ಬಂದಾಗ ಇನ್ನೊಂದು ಪಾಠ: ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದೇ ಇದ್ದದ್ದನ್ನು ಹೇಳಿದವನು ತಾನೂ ಸಿಕ್ಕಿಬೀಳುತ್ತಾನೆ, ಕಚೇರಿಯನ್ನೂ ಸಿಕ್ಕಿಸುತ್ತಾನೆ. ಈ ಎರಡು ಪಾಠಗಳಿಂದ ನನ್ನ ಶಾಖೆಗೆ ಒಳ್ಳೆಯ ಹೆಸರಿತ್ತು. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿಕೊಟ್ಟರು. ಬೀರುವಿನ ಕೀಲಿಕೈ ಇಸಿದುಕೊಂಡರು. ಪಾಠಗಳನ್ನೂ ಇಟ್ಟು ಹೋಗಿ ಎಂದು ಯಾರೂ ಹೇಳಲಿಲ್ಲ.

ಚಳಿಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ಎಡಗಣ್ಣು ಕೆಂಪಾಗಿತ್ತು. ನಮ್ಮವರು ಚಹಾದ ಕಪ್ಪು ಹಿಡಿದು ದೂರದಿಂದಲೇ ನೋಡಿದರು.

"ಕಣ್ಣ ಬಂದಾವ ನೋಡು. ನನ್ನ ಟಾವೆಲ್ ಮುಟ್ಟಬ್ಯಾಡ."

"ನಿಮ್ಮ ಟಾವೆಲ್ ಯಾರ ಮುಟ್ಟತಾರ್ರಿ? ಅದು ತೊಳೆದರ ಇನ್ನೊಂದು ಬಣ್ಣ ಬರ್ತದ."

ನಗುವ ಸಂಗತಿಯೇ ಆಗಿತ್ತು ಆಗ. ಕಾಲನಿಯ ಹತ್ತಿರದ ಕಣ್ಣಿನ ಡಾಕ್ಟರ ಬಳಿ ಹೋದೆ. ಬೆಂಚಿನ ತುಂಬ ಕಣ್ಣು ಕೆಂಪಾದವರೇ. ಊರಲ್ಲಿ ಆಗ ಅದೇ ಕಾಲ. ಡಾಕ್ಟರು ಹಿಂದಿಯಲ್ಲಿ ಶುಗರ್ ಇದೆಯೇ ಎಂದರು, ಇಲ್ಲವೆಂದೆ. ಬಿಪಿ ಇದೆಯೇ ಎಂದರು, ಇಲ್ಲವೆಂದೆ. ಎರಡೂ ಉತ್ತರ ಸರಿಯಾಗಿದ್ದವು. ಅವರು ಹನಿ ಬರೆದುಕೊಟ್ಟರು. ಅವರನ್ನು ನಾನು ದೂರುವುದಿಲ್ಲ. ಆ ಬೆಂಚಿನ ಮೇಲೆ ಕೂತವರಿಗೆಲ್ಲ ಅದೇ ಹನಿಯಿಂದ ಗುಣವಾಗಿರಬೇಕು.

ನನಗೆ ಆಗಲಿಲ್ಲ. ಮಾಮೂಲಿ ಕಣ್ಣು ಬೇನೆಯಲ್ಲಿ ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ. ನನಗೆ ಅಂಟೂ ಇರಲಿಲ್ಲ, ಚುಚ್ಚುವುದೂ ಇರಲಿಲ್ಲ. ನೋವು ಕಣ್ಣಿಗಿಂತ ಹಿಂದೆ, ಎಲುಬಿನಲ್ಲಿತ್ತು. ಒಳಗೆ ಯಾರೋ ಹೆಬ್ಬೆರಳು ಇಟ್ಟು ಹೊರಗೆ ಒತ್ತುತ್ತಿರುವ ಹಾಗೆ. ಹುಬ್ಬಿಗೆ ಹತ್ತುತ್ತಿತ್ತು, ದವಡೆಗೆ ಇಳಿಯುತ್ತಿತ್ತು, ಮಲಗಿದರೆ ಹೆಚ್ಚಾಗುತ್ತಿತ್ತು. ದವಡೆಗೆ ಬಂತಲ್ಲ ಎಂದು ಹಲ್ಲಿನ ಡಾಕ್ಟರಿಗೂ ತೋರಿಸಿ ಬಂದೆ. ಅವರು ಹಲ್ಲುಗಳನ್ನು ಹೊಗಳಿ ಕಳಿಸಿದರು. ಅವರಿಗೆ ಕಣ್ಣಿನ ವಿಷಯ ಹೇಳಲಿಲ್ಲ. ಹಲ್ಲಿನವರಿಗೆ ಅದೇಕೆ?

ಆ ದಿನಗಳಲ್ಲಿ ಬೆರಳುಗಳು ಬಹಳ ಚೆನ್ನಾಗಿದ್ದವು. ಬಾವು ಇಲ್ಲ, ಬಿಸಿ ಇಲ್ಲ. ಶಕ್ತಿ ಮಾತ್ರ ಹಿಂದೆಯೇ ಹೋಗಿತ್ತು. ಹನಿಯ ಚಿಕ್ಕ ಬಾಟಲಿಯನ್ನು ಒತ್ತಲು ಬೆರಳಿಗೆ ಆಗುತ್ತಿರಲಿಲ್ಲ. ನಮ್ಮವರ ಕೈ ನಡುಗುತ್ತದೆ; ಹನಿ ಕಿವಿಗೆ ಬೀಳುತ್ತಿತ್ತು. ಮಗಳು ಶ್ರುತಿ ಇಲ್ಲೇ ನಾಸಿಕದ ಶಾಲೆಯೊಂದರಲ್ಲಿ ಟೀಚರು, ಎರಡು ಓಣಿ ಆಚೆ ಮನೆ. ಶಾಲೆಗೆ ಹೋಗುವಾಗ, ಬರುವಾಗ ಬಂದು ಹನಿ ಹಾಕುತ್ತಿದ್ದಳು. ಕೆಟ್ಟ ಬೆರಳು, ಕೆಟ್ಟ ಕಣ್ಣು, ನಡುವೆ ಒಂದು ಬಾಟಲಿ. ಅಷ್ಟು ಹತ್ತಿರ ಇಟ್ಟು ತೋರಿಸಿದರೂ ನನಗೆ ಹೊಳೆಯಲಿಲ್ಲ.

ಎರಡನೇ ಸಲ ಹೋದಾಗ ಕಣ್ಣಿನ ಡಾಕ್ಟರು ಹನಿ ಬದಲಾಯಿಸಿದರು, ಇದರಿಂದಲೂ ಇಳಿಯದಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಸ್ವಲ್ಪ ಇಳಿದಂತೆ ಕಂಡಿತು. ಮತ್ತೆ ಏರಿತು. ಒಂದು ಸಂಜೆ ಶ್ರುತಿ ಹನಿ ಹಾಕಲು ರೆಪ್ಪೆ ಎತ್ತಿದವಳು ಹಾಗೇ ನಿಂತಳು.

"ಆಯಿ, ಇಲ್ಲೆ ನೀಲಿ ಆಗೇದ."

"ಎಲ್ಲಿ?"

"ಬಿಳೀದು ಇರ್ತದಲ್ಲ, ಅಲ್ಲಿ. ಶಾಯಿ ಬಿದ್ಹಂಗ. ಹೇ ಬರೋಬರ್ ನಾಹೀ, ಆಯಿ. ನಾಳೆ ದೊಡ್ಡ ದವಾಖಾನಿಗೆ ಹೋಗೂಣು."

ಇದು ಸರಿಯಿಲ್ಲ ಎನ್ನುವ ಮಾತು ಅವಳಿಗೆ ಮರಾಠಿಯಲ್ಲೇ ಬರುತ್ತದೆ. ಹೆದರಿದಾಗ ಅವಳ ಕನ್ನಡ ಓಡಿಹೋಗುತ್ತದೆ. ಆದರೆ ನಾಳಿದ್ದು ನನಗೆ ಸಂಭಾಜಿನಗರದ ಡಾಕ್ಟರ ದಿನವಿತ್ತು. ಅದು ಮುಗಿಯಲಿ, ಆಮೇಲೆ ಕಣ್ಣು ಎಂದೆ.

"ಹಂಗಾರ ಅವರಿಗೇ ತೋರ್ಸು."

"ಅವರು ಕೀಲಿನವರು, ಶ್ರುತಿ."

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಇಟ್ಟು ಹೋದಳು. ಅಪ್ಪನ ಜೊತೆ ಬಾಗಿಲಲ್ಲಿ ಏನೋ ಮಾತಾಡಿದಳು. ಮರುದಿನ ನಮ್ಮವರು, ಯಾವತ್ತೂ ಇಲ್ಲದ್ದು, ನಾನೂ ಬರುತ್ತೇನೆ ಎಂದರು.

ಬಸ್ಸಿನಲ್ಲಿ ನಾನು ಕಪ್ಪು ಕನ್ನಡಕದ ಮೇಲೆ ಸೆರಗು ಹೊದ್ದು ಕೂತಿದ್ದೆ. ಯೇವಲಾ ದಾಟಿದ ಮೇಲೆ ರಸ್ತೆ ಬಯಲಿಗೆ ಬೀಳುತ್ತದೆ. ಬಿಸಿಲು ಕಿಟಕಿಯ ಗಾಜಿನಿಂದ ನೇರ ಒಳಗೆ. ವೈಜಾಪುರದಲ್ಲಿ ಬಸ್ಸು ನಿಂತಾಗ ನಮ್ಮವರು ಇಳಿದು ಕಬ್ಬಿನ ಹಾಲು ತಂದರು. ಕುಡಿಯಲು ಬಾಯಿ ತೆರೆದರೆ ದವಡೆಯಿಂದ ಕಣ್ಣಿನವರೆಗೆ ನೋವು ಎದ್ದಿತು. ಗ್ಲಾಸು ಅವರ ಕೈಗೇ ಕೊಟ್ಟೆ. ಅವರು ಕುಡಿಯಲೂ ಇಲ್ಲ, ಚೆಲ್ಲಲೂ ಇಲ್ಲ, ಬಸ್ಸು ಹೊರಡುವವರೆಗೆ ಹಿಡಿದುಕೊಂಡೇ ನಿಂತಿದ್ದರು.

ಡಾಕ್ಟರು ಎಂದಿನಂತೆ ಒಂದೊಂದೇ ಗೆಣ್ಣನ್ನು ಒತ್ತಿ ನೋಡಿದರು. ರಕ್ತದ ವರದಿ ನೋಡಿದರು. ಮರಾಠಿಯಲ್ಲಿ, "ಬೆರಳು ಚೆನ್ನಾಗಿವೆ ಮ್ಯಾಡಮ್. ಬೇರೆ ಏನಾದರೂ ತೊಂದರೆ?" ಎಂದರು.

"ಇಲ್ಲ," ಎಂದೆ.

ಹಿಂದಿನ ಕುರ್ಚಿಯಿಂದ ನಮ್ಮವರು ಎದ್ದರು. ಅವರ ಮರಾಠಿ ಇಷ್ಟು ವರ್ಷವಾದರೂ ಬ್ಯಾಂಕಿನ ಕೌಂಟರಿನಷ್ಟೇ. "ಸಾಹೇಬ್, ಹಿಚಾ ಡೋಳಾ ಬಘಾ," ಎಂದರು. ಇವಳ ಕಣ್ಣು ನೋಡಿ.

ನಾನು ತಿರುಗಿ ಕನ್ನಡದಲ್ಲಿ ಗದರಿಸಿದೆ: "ಅದು ನಾಸಿಕದಾಗ ತೋರಸ್ಲಿಕ್ಕತ್ತೀನಲ್ಲರೀ. ಇವರ ಮುಂದ ಅದ್ಯಾಕ?"

"ನೀ ಸುಮ್ಮನಿರು ಶಾಂತಾ," ಎಂದರು. ಮದುವೆಯಾದಂದಿನಿಂದ ಆ ದನಿಯಲ್ಲಿ ಅವರು ನನಗೆ ಮಾತಾಡಿದ್ದು ನೆನಪಿಲ್ಲ.

ಡಾಕ್ಟರು ಕನ್ನಡಕ ತೆಗೆಯಿರಿ ಎಂದರು. ಟಾರ್ಚು ಹಿಡಿದು ಬಗ್ಗಿದರು. ಮುಚ್ಚಿದ ರೆಪ್ಪೆಯ ಮೇಲೆ ಬೆರಳಿನ ತುದಿಯಿಂದ ಮೆಲ್ಲಗೆ ಮುಟ್ಟಿದರು. ನನ್ನ ಬಾಯಿಂದ ಒಂದು ಶಬ್ದ ಬಂತು. ಅದು ನನ್ನದೇ ಎಂದು ಗೊತ್ತಾಗಲು ತುಸು ಹೊತ್ತು ಬೇಕಾಯಿತು. ಅವರು ನಿಂತೇ ಕೇಳಿದರು: ಯಾವಾಗಿನಿಂದ? ಹೇಳಿದೆ. ನಾಸಿಕದ ಡಾಕ್ಟರಿಗೆ ಸಂಧಿವಾತದ ವಿಷಯ ಹೇಳಿದ್ದಿರಾ?

"ಅವರು ಕೇಳಲಿಲ್ಲ."

"ನನಗೆ ಯಾಕೆ ಫೋನ್ ಮಾಡಲಿಲ್ಲ?"

"ನೀವು ಕಣ್ಣಿನ ಡಾಕ್ಟರಲ್ಲ."

ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. "ಇದು ಅದೇ ಕಾಯಿಲೆ ಮ್ಯಾಡಮ್. ಬೆರಳಲ್ಲಿದ್ದದ್ದೇ ಕಣ್ಣಿಗೆ ಬಂದಿದೆ. ಕಣ್ಣಿನ ಬಿಳಿ ಗೋಡೆ ತೆಳುವಾಗಿ ಒಳಗಿನ ನೀಲಿ ಕಾಣುತ್ತಿದೆ," ಎಂದರು. ಅದೇ ಊರಿನ ಕಣ್ಣಿನ ಆಸ್ಪತ್ರೆಗೆ ಅವರೇ ಫೋನ್ ಮಾಡಿದರು, ಅವರೇ ಚೀಟಿ ಬರೆದರು. ಹೊರಗೆ ಕಾಯುತ್ತಿದ್ದವರನ್ನು ಬಿಟ್ಟು ರಿಕ್ಷಾದವರೆಗೂ ಬಂದರು. ಮನೆಗೆ ಹೋಗಬೇಡಿ, ಬಟ್ಟೆ ತರಲೂ ಹೋಗಬೇಡಿ, ಇಲ್ಲಿಂದ ನೇರ ಅಲ್ಲಿಗೆ ಎಂದರು. ಡಾಕ್ಟರೊಬ್ಬರು ರಿಕ್ಷಾದವರೆಗೆ ಬಂದರೆ ಅದರ ಅರ್ಥವೇನೆಂದು ಯಾರೂ ವಿವರಿಸಬೇಕಾಗಿಲ್ಲ.

ಕಣ್ಣಿನ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಕಣ್ಣು ಅರಳಿಸುವ ಹನಿ ಹಾಕಿ ಕೂರಿಸಿದರು. ಸಾಲಾಗಿ ಕೂತ ಮುದುಕರು, ಮುದುಕಿಯರು, ಎಲ್ಲರ ತಲೆಯೂ ಹಿಂದಕ್ಕೆ ಬಾಗಿ, ಎಲ್ಲರ ಕೈಯಲ್ಲೂ ಹತ್ತಿ. ಹೆಚ್ಚಿನವರು ಪೊರೆ ತೆಗೆಸಿಕೊಳ್ಳಲು ಬಂದವರು. ಪಕ್ಕದ ಅಜ್ಜಿ ಮರಾಠಿಯಲ್ಲಿ ನನಗೆ ಧೈರ್ಯ ಹೇಳಿದರು: ಏನೂ ಆಗುವುದಿಲ್ಲ ತಂಗಿ, ನಾಳೆ ಪಟ್ಟಿ ಬಿಚ್ಚಿದರೆ ಎಲ್ಲ ಹೊಸದಾಗಿ ಕಾಣುತ್ತದೆ, ನನ್ನ ಇನ್ನೊಂದು ಕಣ್ಣು ಹಾಗೇ ಆಯಿತು. ನಾನು ಹೂಂ ಎಂದೆ. ಅವರ ಸಂತೋಷವನ್ನು ತಿದ್ದುವುದು ಬೇಡವೆನ್ನಿಸಿತು.

ಸೇರಿಸಿಕೊಂಡರು. ಸ್ಟೆರಾಯ್ಡ್ ಔಷಧಿಯನ್ನು ಸಲೈನಿನಲ್ಲಿ ಏರಿಸಿದರು, ದಿನಾಲೂ. ಮೊದಲ ದಿನವೇ ನೋವು ಇಳಿಯಿತು. ಅಷ್ಟು ದಿನದ ಮೇಲೆ ನೋವಿಲ್ಲದೆ ಕೂತಾಗ, ಬದುಕಿಕೊಂಡೆ, ಮುಗಿಯಿತು ಎಂದುಕೊಂಡೆ. ಅದು ನೋವು ಮಾತ್ರ ಮುಗಿದದ್ದು. ಆ ಔಷಧಿ ಮನುಷ್ಯರನ್ನು ನಿದ್ದೆಗೆ ಬಿಡುವುದಿಲ್ಲ. ನಾನು ವಾರ್ಡಿನ ಟೇಬಲ್ ಒರೆಸಿದೆ, ನನ್ನದನ್ನು, ಆಮೇಲೆ ಪಕ್ಕದವರದನ್ನು. ಎಲ್ಲರ ಚಪ್ಪಲಿ ಜೋಡಿಸಿಟ್ಟೆ. ಕಸ ಗುಡಿಸುವ ಹೆಂಗಸು ಬಂದು, "ಮೌಶಿ, ನನ್ನ ಕೆಲಸ ನೀವೇ ಮಾಡಿದರೆ ನನ್ನನ್ನು ಮನೆಗೆ ಕಳಿಸುತ್ತಾರೆ," ಎಂದಳು. ನನ್ನನ್ನು ಕೂರಿಸಿ ಕೂದಲು ಬಾಚಿ ಹೆಣೆದಳು. ನನ್ನ ಬೆರಳಿಗೆ ಹೆಣೆಯಲು ಬರುವುದಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ಅವಳು ನೋಡಿದ್ದಳು.

ಶ್ರುತಿ ರಜೆ ಹಾಕಿ ರೈಲಿನಲ್ಲಿ ಬಂದಳು, ಮನ್ಮಾಡಿನ ಮೇಲೆ. ಬಂದವಳು ಚೀಲ ಕೆಳಗಿಡದೇ ಜಗಳ ತೆಗೆದಳು.

"ಅವರಿಗೂ ಹೇಳಲಿಲ್ಲ, ಇವರಿಗೂ ಹೇಳಲಿಲ್ಲ. ಇದೇನು ಆಫೀಸ್ ಏನ್ ಆಯಿ? ನಿನ್ನ ಕಣ್ಣ ಅದು."

"ಕೇಳಿದ್ದರ ಹೇಳತಿದ್ದೆ."

"ಕೇಳಿದ್ರಂತಲ್ಲ, ಬೇರೆ ಏನರ ತೊಂದರೆ ಅದ ಏನು ಅಂತ. ಪಪ್ಪಾ ಹೇಳ್ಯಾರ."

 ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ನಲ್ಲಿಯ ಸದ್ದು ಅಷ್ಟು ಹೊತ್ತು ಬರುವುದು ಯಾಕೆಂದು ವಾರ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. 

ಗೋಡೆ ತೆಳುವಾಗುವುದು ನಿಲ್ಲಲಿಲ್ಲ. ಒಡೆಯುವ ಮೊದಲು ತೇಪೆ ಹಾಕಬೇಕೆಂದರು. ತೇಪೆ ಎಂದರೆ ಸತ್ತವರು ದಾನ ಕೊಟ್ಟ ಕಣ್ಣಿನ ಬಿಳಿ ಭಾಗದ ತುಂಡು. ಯಾರದೆಂದು ಹೇಳುವುದಿಲ್ಲ, ಕೇಳಲೂಬಾರದು. ನಾನು ಕೇಳಲಿಲ್ಲ. ಆದರೆ ಆಪರೇಷನ್ನಿಗೆ ಹೋಗುವ ಮುನ್ನ, ಅವರ ಮನೆಯಲ್ಲಿ ಆಗ ಏನು ನಡೆದಿದ್ದೀತು ಎಂದು ಯೋಚಿಸಿದೆ. ನನ್ನ ಮನೆಯಲ್ಲಿ ಚಹಾ ಕುದಿಯುವ ಹೊತ್ತಿಗೆ ಅವರ ಮನೆಯಲ್ಲಿ ಅಳು ಇದ್ದಿರಬೇಕು. ಆ ಅಳುವಿನ ನಡುವೆ ಯಾರೋ ಒಬ್ಬರು ಫೋನ್ ಮಾಡಿ ಕಣ್ಣಿನವರನ್ನು ಕರೆಸಿರಬೇಕು. ಅಷ್ಟು ಶಿಸ್ತು ನನ್ನಲ್ಲಿ ಇದೆಯೇ ಎಂದರೆ ನನಗೆ ಗೊತ್ತಿಲ್ಲ.

ಪಟ್ಟಿ ಬಿಚ್ಚಿದ ದಿನ ಕಣ್ಣಿನ ಡಾಕ್ಟರು, ಶ್ರುತಿಯ ವಯಸ್ಸಿನ ಹುಡುಗಿ, ಬೆರಳೆತ್ತಿ ಎಷ್ಟು ಎಂದು ಕೇಳಿದರು. ಬೆರಳೇ ಕಾಣಲಿಲ್ಲ. ಹತ್ತಿರ ಬಂದು ಕೈ ಆಡಿಸಿದರು, ಆಡುತ್ತಿದೆಯೇ ಎಂದರು. ಗಾಳಿ ಮುಖಕ್ಕೆ ತಾಗಿತು, ಅದರಿಂದ ಆಡುತ್ತಿದೆ ಎಂದು ಗೊತ್ತಾಯಿತು. ಸುಳ್ಳು ಹೇಳಬಹುದಿತ್ತು. "ಕಾಣುವುದಿಲ್ಲ, ಗಾಳಿ ಬರುತ್ತದೆ," ಎಂದೆ. ಟಾರ್ಚು ಹಾಕಿದರು. ಬೆಳಕು ಎಂದೆ. ಅವರು ಕಾಗದದ ಮೇಲೆ ಏನೋ ಬರೆದರು. ಬರೆದು ಮುಗಿದ ಮೇಲೂ ಪೆನ್ನು ಎತ್ತಲಿಲ್ಲ.

"ಗೋಡೆ ನಿಂತಿದೆ," ಎಂದರು. "ಒಳಗೆ ಆದ ಹಾನಿ ವಾಪಸು ಬರುವುದಿಲ್ಲ. ಇನ್ನು ನಾವು ಕಾಯಬೇಕಾದ್ದು ಬಲಗಣ್ಣು." ಆ ಕಣ್ಣಿಗೂ ಇದು ಬರಬಹುದು, ಎಂದು ಬರುತ್ತದೆಂದು ಹೇಳಲಾಗುವುದಿಲ್ಲ ಎಂದರು.

ನಾಸಿಕಕ್ಕೆ ಬಂದ ಮೇಲೆ ಸ್ಟೆರಾಯ್ಡಿನಿಂದ ನನ್ನ ಮುಖ ಊದಿ ಹುಣ್ಣಿಮೆಯಾಗಿತ್ತು. ನೆರೆಯವರು ಆರೋಗ್ಯ ಸುಧಾರಿಸಿದೆ ಎಂದರು. ಈಗ ಯಾರಾದರೂ ಶುಗರ್ ಇದೆಯೇ ಎಂದು ಕೇಳಿದರೆ ಇದೆ ಎನ್ನಬೇಕು; ಆ ಔಷಧಿಯಿಂದ ಬಂದದ್ದು. ಲೋಟಕ್ಕೆ ಚಹಾ ಸುರಿದರೆ ಲೋಟದ ಆಚೆ ಬೀಳುತ್ತಿತ್ತು. ಮೆಟ್ಟಿಲು ಎಲ್ಲಿ ಮುಗಿಯಿತೆಂದು ಕಾಲಿಗೆ ತಿಳಿಯುತ್ತಿರಲಿಲ್ಲ. ಎಡಗಡೆಯಿಂದ ಬಂದವರು ಗೋಡೆಯೊಳಗಿಂದ ಬಂದ ಹಾಗೆ ಬರುತ್ತಿದ್ದರು. ನಾನು ಕೆಲಸಗಳ ಕ್ರಮ ಬದಲಾಯಿಸಿದೆ. ಲೋಟಕ್ಕೆ ಬೆರಳು ತಾಗಿಸಿ ಸುರಿಯುವುದು, ಕೈಪಿಡಿ ಬಲಕ್ಕಿರುವ ಮೆಟ್ಟಿಲನ್ನು ಮಾತ್ರ ಹತ್ತುವುದು, ಎಡಕ್ಕೆ ಯಾವಾಗಲೂ ನಮ್ಮವರು.

ಒಂದು ಬೆಳಿಗ್ಗೆ ಅವರು ಹೇಳದೇ ಹೋದರು, ಮಧ್ಯಾಹ್ನ ಬಂದರು. ಧೋತರದ ಅಂಚು ಒದ್ದೆ. ಶೇರಿಂಗ್ ಜೀಪಿನಲ್ಲಿ ತ್ರ್ಯಂಬಕೇಶ್ವರಕ್ಕೆ ಹೋಗಿ ಪೂಜೆ ಮಾಡಿಸಿ ಬಂದಿದ್ದರು. ಸಣ್ಣ ಬಾಟಲಿಯಲ್ಲಿ ಅಲ್ಲಿನ ತೀರ್ಥಕುಂಡದ ನೀರು.

"ಬಲಗಣ್ಣಿಗೆ ಒಂದ್ ಹನಿ ಹಚ್ಚಲೇನು?"

"ಹೊರಗಿನ ನೀರು ಕಣ್ಣಿಗೆ ಹೋಗಬಾರದು ಅಂದಾರ್ರಿ."

"ಕಣ್ಣಾಗ ಬ್ಯಾಡ. ಹುಬ್ಬಿಗೆ."

"ಹುಬ್ಬಿನಿಂದ ಇಳೀತದ."

"ಬಾಯಿಗಾದ್ರೂ?"

"ಈ ಔಷಧದಾಗ ಕುದಿಸಿದ ನೀರ ಕುಡೀಬೇಕು."

ಅವರು ಬಾಟಲಿಯನ್ನು ತಿರುಗಿಸಿ ನೋಡಿದರು. "ಹಂಗಾರ ನಾನ ಕುಡೀತೀನಿ," ಎಂದು ನಿಂತಲ್ಲೇ ಕುಡಿದುಬಿಟ್ಟರು. ನಾನು ಬೈಯಲು ಬಾಯಿ ತೆರೆದೆ. ಅಡುಗೆ ಮನೆಗೆ ಹೋದೆ. ಹಾಳಾದ ಕಣ್ಣಿನಿಂದಲೂ ನೀರು ಬರುತ್ತದೆ ಎಂದು ಅವತ್ತು ಗೊತ್ತಾಯಿತು.

ಈಗ ಆಗಾಗ ಸಂಭಾಜಿನಗರಕ್ಕೆ ಹೋಗಿ ಒಂದು ಬಲವಾದ ಔಷಧಿಯನ್ನು ಸಲೈನಿನಲ್ಲಿ ಹಾಕಿಸಿಕೊಂಡು ಬರುತ್ತೇನೆ. ಕೀಲಿನ ಡಾಕ್ಟರು, ಕಣ್ಣಿನ ಡಾಕ್ಟರು ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತಾರೆ. ಒಂದು ಸಲ ಕೀಲಿನ ಡಾಕ್ಟರ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬಳು ಕೂತಿದ್ದಳು. ಹರೆಯದವಳು, ಕೈಬೆರಳುಗಳು ಬಾತಿದ್ದವು, ಸೆರಗಿನಿಂದ ಒಂದು ಕಣ್ಣು ಒತ್ತಿಕೊಂಡಿದ್ದಳು. ಗಂಡನ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದಳು. ಅದು ಮುಗಿಯುವವರೆಗೆ ಕಾದು ಕೇಳಿದೆ.

"ಯಾವೂರವ್ವ ನಿಂದು?"

"ಸಿಂದಗಿ ಕಡೇದ್ರಿ ಅಕ್ಕಾರ. ಇಲ್ಲಿ ಬಿಲ್ಡಿಂಗ್ ಕೆಲಸಕ್ಕ ಬಂದೀವ್ರಿ. ಬುಟ್ಟಿ ಹಿಡೀಲಾಕ ಆಗವಲ್ದು, ಅದಕ್ಕ ತೋರಸ್ಲಾಕ ಬಂದೀನಿ."

"ಕಣ್ಣಿಗೆ ಏನಾಗೇದ?"

"ಅದ ಬಿಡ್ರಿ. ಕೆಂಪಾಗೇದ. ಇವ್ರು ಕೈ ಡಾಕ್ಟರ್ ಅದಾರ, ಕಣ್ಣಂದ್ರ ಬೈತಾರ."

 ಅವಳ ಸರದಿ ಬಂದಾಗ ನಾನೂ ಒಳಗೆ ನುಗ್ಗಿದೆ. ಜೀವಮಾನದಲ್ಲಿ ಸಾಲು ಮುರಿದದ್ದು ಅದೇ ಮೊದಲು. ಡಾಕ್ಟರಿಗೆ ಮರಾಠಿಯಲ್ಲಿ, ಮೊದಲು ಇವಳ ಕಣ್ಣು ನೋಡಿ, ಬೆರಳು ಆಮೇಲೆ ಎಂದೆ. ಅವರು ನನ್ನನ್ನು ನೋಡಿದರು, ಟಾರ್ಚು ತೆಗೆದರು. ನನ್ನನ್ನು ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಅವಳು ಬಂದಳು, ನಗುತ್ತಿದ್ದಳು.

"ಏನಿಲ್ಲಂತ್ರಿ ಅಕ್ಕಾರ. ಸಿಮಿಟ್ ಧೂಳ ಹೊಕ್ಕೇತಂತ. ಕಣ್ಣಿನ ದವಾಖಾನಿಗಿ ಚೀಟಿ ಕೊಟ್ಟಾರ, ತೊಳೀತಾರಂತ. ನೀವ್ ಸುಮ್ಮ ನನ್ನ ಜೀವ ಅರ್ಧ ಮಾಡಿಟ್ರಿ."

"ಆಗಲಿ. ಇನ್ನೊಮ್ಮೆ ಕೆಂಪಾದರೂ ಬಂದು ಹೇಳು."

"ಹೇಳ್ತೀನ್ ತಗೋರಿ. ಹೇಳ್ದಿದ್ರ ನೀವ್ ಬಿಡವರ?"

ಅವಳ ಬೆರಳಿನದು ನನ್ನ ಕಾಯಿಲೆಯೇ ಎಂದು ಅವಳ ಚೀಟಿಯ ಮೇಲಿನ ಮಾತ್ರೆಯ ಹೆಸರು ನೋಡಿ ತಿಳಿಯಿತು. ಅದನ್ನು ಅವಳಿಗೆ ನಾನು ಹೇಳಲಿಲ್ಲ. ಡಾಕ್ಟರು ಹೇಳಿಯೇ ಇರುತ್ತಾರೆ.

ಬಲಗಣ್ಣಿಗೆ ಬಂದದ್ದು ಅದಾದ ಮೇಲೆ, ಮಳೆಗಾಲದ ಕೊನೆಗೆ. ಸ್ನಾನ ಮಾಡಿ ಮುಖ ಒರೆಸುವಾಗ ಹುಬ್ಬಿನ ಕೆಳಗೆ ಟಾವೆಲ್ ತಾಗಿ ಮಂದವಾಗಿ ನೋವಾಯಿತು. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಮತ್ತೆ ಒತ್ತಿ ನೋಡಿದೆ, ಇತ್ತು. ಆ ನೋವಿನ ಪರಿಚಯ ನನಗಿತ್ತು. ಬಾತ್‌ರೂಮಿನ ಬಾಗಿಲು ತೆರೆದು, "ಬಲಗಣ್ಣು," ಎಂದೆ. ನಮ್ಮವರು ಪತ್ರಿಕೆ ಕೆಳಗಿಟ್ಟರು. ಅವತ್ತಿನ ಅಡುಗೆ ಒಲೆಯ ಮೇಲೇ ಉಳಿಯಿತು. ಬಸ್ಸು ಹತ್ತಿದೆವು. ನಾನು ಕಿಟಕಿಯ ಹೊರಗಿನದನ್ನೆಲ್ಲ ನೋಡುತ್ತಿದ್ದೆ: ಈರುಳ್ಳಿ ಹೇರಿದ ಟ್ರಾಕ್ಟರು, ಹಳದಿ ಬಣ್ಣದ ಶಾಲೆ, ಕಾಲುವೆಯಲ್ಲಿ ಎಮ್ಮೆ. ಎಮ್ಮೆಯನ್ನು ಕೂಡ ಬಿಡಬಾರದೆಂದು ನೋಡುತ್ತಿದ್ದೆ.

ಕತ್ತಲೆ ಕೋಣೆಯಲ್ಲಿ ಆ ಹುಡುಗಿ ಡಾಕ್ಟರು ಬಹಳ ಹೊತ್ತು ನೋಡಿದರು. "ಶುರುವಾಗಿದೆ," ಎಂದರು. ನನ್ನ ಕೈಯ ಮೇಲೆ ಕೈ ಇಟ್ಟರು. "ಆದರೆ ಗೋಡೆಗೆ ಏನೂ ಆಗಿಲ್ಲ. ಇಷ್ಟು ಬೇಗ ಯಾರೂ ಬರುವುದಿಲ್ಲ."

ಔಷಧಿಯ ಪ್ರಮಾಣ ಏರಿಸಿದರು. ಇಳಿಯಿತು. ಇಳಿಯಿತು ಎಂದರೆ ಹೋಯಿತು ಎಂದಲ್ಲ. ಇದನ್ನು ಇಬ್ಬರೂ ಡಾಕ್ಟರು ನನಗೆ ಸ್ಪಷ್ಟವಾಗಿ ಹೇಳಿದ್ದಾರೆ, ನಾನೂ ನಿಮಗೆ ಸ್ಪಷ್ಟವಾಗಿಯೇ ಹೇಳುತ್ತೇನೆ. ಔಷಧಿ ಬಲವಾದದ್ದು, ಒಂದು ಸಣ್ಣ ಜ್ವರಕ್ಕೂ ಹೆದರಬೇಕು. ಕಣ್ಣು ಕೆಂಪಾದವರೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ, ಬೆರಳು ಬಾತವರೆಲ್ಲರ ಕಣ್ಣೂ ಹೋಗುವುದಿಲ್ಲ. 'ಬೇರೆ ಏನಾದರೂ' ಎಂದು ಡಾಕ್ಟರು ಕೇಳುವ ಪ್ರಶ್ನೆ ಬಾಯಿಮಾತಿನದ್ದಲ್ಲ ಎಂದು ತಿಳಿದಿದ್ದರೆ ಸಾಕು.

ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಚಹಾಕ್ಕೆ ಮೊದಲು ಒಂದು ಕೆಲಸವಿದೆ. ನಾನು ಪೂರ್ವದ ಕಿಟಕಿಗೆ ಮುಖ ಮಾಡಿ ನಿಲ್ಲುತ್ತೇನೆ. ನಮ್ಮವರು ನನ್ನ ಗದ್ದ ಹಿಡಿದು, ರೆಪ್ಪೆ ಎತ್ತಿ, ಬಲಗಣ್ಣಿನ ಬಿಳಿಯನ್ನು ನೋಡುತ್ತಾರೆ. ಮೇಲೆ ನೋಡು, ಕೆಳಗೆ ನೋಡು ಎನ್ನುತ್ತಾರೆ. ಬೆಳ್ಳಗದ ಎನ್ನುತ್ತಾರೆ. ಅಲ್ಲಿಂದ ದಿನ ಶುರು.

ಮೊನ್ನೆ ಅವರು ಹೆಚ್ಚು ಹೊತ್ತು ನೋಡಿದರು. ಗದ್ದವನ್ನು ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು.  ಅವರ ಉಸಿರು ನನ್ನ ಕೆನ್ನೆಗೆ ಬರುತ್ತಿತ್ತು.

"ಏನರ ಹೇಳ್ರಿ," ಎಂದೆ.

"ತಡಿ."

"ಕೆಂಪಾಗೇದ ಏನ್ರಿ?"

"ತಡಿ ಅಂದ್ನೆಲ್ಲ. ನನಗ ಸರಿ ಕಾಣವಲ್ದು. ಕನ್ನಡಕ ತರ್ತೀನಿ."

ಕನ್ನಡಕ ಎಲ್ಲಿಟ್ಟಿದ್ದಾರೆಂದು ಅವರಿಗೆ ಯಾವತ್ತೂ ನೆನಪಿರುವುದಿಲ್ಲ. ಒಳಗೆ ಡ್ರಾಯರು ಎಳೆಯುವ ಸದ್ದು, ದೇವರ ಕೋಣೆಯಲ್ಲಿ ಹುಡುಕುವ ಸದ್ದು. ಫ್ರಿಜ್ಜಿನ ಮೇಲಿದೆ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಎದುರಿನ ಮನೆಯ ತಂತಿಯ ಮೇಲೆ ಒಣಹಾಕಿದ ಬಟ್ಟೆಗಳನ್ನು ನಾನು ಬಲಗಣ್ಣಿನಿಂದ ಒಂದೊಂದಾಗಿ ನೋಡುತ್ತ ನಿಂತಿದ್ದೆ, ಒಂದೊಂದರ ಬಣ್ಣವನ್ನೂ.